ಬಿಗಿಯುವ ಕೈ, ಬಿಚ್ಚುವ ಕೈ

ಕೊಡಗಿನ ದಕ್ಷಿಣಾಗ್ರದಲ್ಲಿ, ಒಂದು ಪಾರ್ಶ್ವಕ್ಕೆ ಬ್ರಹ್ಮಗಿರಿಯ ಶ್ರೇಣಿಯೂ ಇನ್ನೊಂದು ಪಾರ್ಶ್ವಕ್ಕೆ ನಾಗರಹೊಳೆಯ ಅರಣ್ಯವೂ ಆವರಿಸಿರುವ ಕುಟ್ಟದಲ್ಲಿ ಆರಿದ್ರೆಯ ಮಳೆ ಹಿಡಿಯಿತೆಂದರೆ, ತೋಟದ ಕೆಸರುದಾರಿಯನ್ನು ಹತ್ತಿ ಇಳಿಯಬಲ್ಲ ಒಂದು ಡೀಸೆಲ್ ಜೀಪು ಮನೆಗೆ ಎಷ್ಟು ಅವಶ್ಯಕವೆಂಬುದನ್ನು ಆ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ರೋಗಿಯನ್ನು ಗೋಣಿಕೊಪ್ಪಲಿಗೆ ಒಯ್ಯುವುದು, ಗೊಬ್ಬರದ ಮೂಟೆಯನ್ನು ತೋಟದ ಒಳಮೂಲೆಗೆ ಮುಟ್ಟಿಸುವುದು, ತೋಲ್ಪೆಟ್ಟಿಯ ಗಡಿಯನ್ನು ದಾಟಿ ಮಾನಂದವಾಡಿಯ ಪೇಟೆಗೆ ಹೋಗಿಬರುವುದು, ಇವೆಲ್ಲವೂ ಆ ವಾಹನವು ಮುಂಜಾನೆ ತಕರಾರಿಲ್ಲದೆ ಚಾಲೂ ಆಗುವುದನ್ನು ಅವಲಂಬಿಸಿವೆ. ನಾಗರಹೊಳೆಯ ಮೂಲಕ ಹುಣಸೂರಿಗೆ ಹೋಗುವ ಕಾಡುದಾರಿಯಲ್ಲಂತೂ ರಾತ್ರಿಯ ಸಂಚಾರ ನಿಷಿದ್ಧ. ಹಗಲಿನಲ್ಲಿಯೂ ನಡುವೆ ನಿಲ್ಲಿಸುವಂತಿಲ್ಲ. ಆನೆ ಅಡ್ಡಾಡುವ ಅಂತಹ ಹಾದಿಯಲ್ಲಿ ಎಂಜಿನ್ ಉಸಿರು ಕಟ್ಟಿ ನಿಂತಿತೆಂದರೆ ಒಳಗಿರುವವರ ಪ್ರಾಣಕ್ಕೇ ಸಂಚಕಾರ ಬಂದಂತೆ. ಹೀಗೆ ನಿಂತ ಗಾಡಿಗಳ ಕಾರಣವನ್ನು ಶೋಧಿಸುತ್ತ ಹೋದಾಗ ಬಹಳ ಸಲ ಕೈಗೆ ಸಿಕ್ಕುವುದು ಎಂಜಿನ್ನಿನ ಪಕ್ಕದಲ್ಲಿ, ಯಾರ ಗಮನಕ್ಕೂ ಬಾರದೆ ನೇತುಬಿದ್ದಿರುವ ಒಂದು ತಗಡಿನ ಡಬ್ಬಿ, ಅಂದರೆ ಡೀಸೆಲ್ ಫಿಲ್ಟರ್. ಅದನ್ನು ಬದಲಾಯಿಸಬೇಕೆಂದು ಕೈಯಿಕ್ಕಿದರೆ ಅದು ಅಲುಗಾಡುವುದಿಲ್ಲ. ಆ ಡಬ್ಬಿ ಏಕೆ ಹಾಗೆ ಹಠ ಹಿಡಿಯುತ್ತದೆ, ಅದನ್ನು ಕೆಡಿಸದೆ ಬಿಚ್ಚುವುದು ಹೇಗೆ ಎಂಬುದನ್ನು ಈ ವಾರ ಸಾವಧಾನವಾಗಿ ವಿಚಾರಿಸೋಣ.

ಮೊದಲು, ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಹತ್ವ ಏಕೆ ಬಂತೆಂಬುದನ್ನು ತಿಳಿಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿಯಿಂದ ಬೆಂಕಿ ಹತ್ತುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅತಿಯಾಗಿ ಒತ್ತಿದಾಗ ಹುಟ್ಟುವ ತಾಪವೇ ಇಂಧನವನ್ನು ಹೊತ್ತಿಸುವ ಈ ತತ್ತ್ವಕ್ಕೆ ರುಡಾಲ್ಫ್ ಡೀಸೆಲ್ 1893ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅದನ್ನು ನಡೆಯುವ ಯಂತ್ರವಾಗಿ ಲೋಕಕ್ಕೆ ತೋರಿಸಿದನು. ಆದರೆ ಒತ್ತಿ ಕಾಯಿಸಿದ ಗಾಳಿಯೊಳಕ್ಕೆ ಇಂಧನವನ್ನು ತಕ್ಕ ಕ್ಷಣದಲ್ಲಿ, ತಕ್ಕ ಪ್ರಮಾಣದಲ್ಲಿ ನುಗ್ಗಿಸುವುದು ಸುಲಭವಾಗಿರಲಿಲ್ಲ. ಡೀಸೆಲನ ಯಂತ್ರಗಳು ಅದಕ್ಕಾಗಿ ಒತ್ತಿದ ಗಾಳಿಯ ಬೇರೊಂದು ಸಾಧನವನ್ನೇ ಹೊತ್ತುಕೊಂಡಿರಬೇಕಾಗಿದ್ದುದರಿಂದ ಅವು ಕಾರ್ಖಾನೆ ಹಡಗುಗಳಿಗೆ ಒಗ್ಗಿದಷ್ಟು ರಸ್ತೆಯ ವಾಹನಗಳಿಗೆ ಒಗ್ಗಲಿಲ್ಲ. ರಾಬರ್ಟ್ ಬಾಷ್‌ನ ಸಂಸ್ಥೆಯು 1927ರಲ್ಲಿ ಇಂಧನವನ್ನು ನೇರವಾಗಿ ಚಿಮ್ಮಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾರಂಭಿಸಿದ ಮೇಲೆಯೇ ಡೀಸೆಲ್ ಲಾರಿಗಳ ಯುಗ ನಿಜವಾಗಿ ತೆರೆಯಿತು. ಆ ವಿದ್ಯೆ ನಮ್ಮ ನಾಡಿಗೂ ದೂರದ್ದಾಗಿ ಉಳಿಯಲಿಲ್ಲ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು, ಎಂದರೆ ಎಲ್ಲರ ಬಾಯಲ್ಲಿರುವ ‘ಮೈಕೋ’, ಬೆಂಗಳೂರಿನ ಆಡುಗೋಡಿಯಲ್ಲಿ ಈ ಪಂಪು ನೋಸಲ್‌ಗಳನ್ನು ಮಾಡತೊಡಗಿತು; 2008ರಲ್ಲಿ ಆ ಸಂಸ್ಥೆ ಬಾಷ್ ಎಂಬ ಹೆಸರನ್ನು ತಳೆದಿದ್ದರೂ ನಮ್ಮ ಗ್ಯಾರೇಜುಗಳಲ್ಲಿ ಅದು ಇಂದಿಗೂ ಮೈಕೋ ಪಂಪೇ.

ಈ ಪಂಪಿನೊಳಗೆ ಒಂದು ಉಕ್ಕಿನ ದಂಡವು ಉಕ್ಕಿನ ನಾಳದಲ್ಲಿ ಮೇಲೆ ಕೆಳಗೆ ಆಡುತ್ತದೆ. ಇವೆರಡರ ನಡುವಣ ತೆರಪು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗ ಮಾತ್ರ. ಮನುಷ್ಯನ ತಲೆಗೂದಲಿನ ದಪ್ಪ ಅಂತಹ ಐವತ್ತರಿಂದ ನೂರು ಭಾಗಗಳಷ್ಟಿರುತ್ತದೆಂದರೆ ಆ ಸೂಕ್ಷ್ಮತೆ ಎಂತಹುದೆಂದು ಊಹಿಸಬಹುದು. ಅಲ್ಲಿ ಬೇರೆ ಎಣ್ಣೆಯ ಲೇಪನವಿಲ್ಲ, ಹರಿಯುವ ಡೀಸೆಲ್ಲೇ ಅದಕ್ಕೆ ಸ್ನೇಹದ್ರವ್ಯ. ಆದಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಕಣವೊಂದು ಒಳಹೊಕ್ಕರೂ ಅದು ಉಕ್ಕನ್ನು ಗೀರುತ್ತದೆ; ನೀರಿನ ಹನಿ ಹೊಕ್ಕರೆ ಲೇಪನ ತಪ್ಪಿ ತುಕ್ಕು ಹಿಡಿಯುತ್ತದೆ. ಇತ್ತೀಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನದ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸಾವಿರದ ಆರುನೂರು ಪಟ್ಟಿಗೂ ಮೀರಿ ಏರುವುದುಂಟು. ಅಲ್ಲಿ ಆಗುವ ಹಾನಿ ಇನ್ನೂ ಶೀಘ್ರ, ಇನ್ನೂ ದುಬಾರಿ. ಟ್ಯಾಂಕಿಗೂ ಪಂಪಿಗೂ ಮಧ್ಯೆ ನಿಂತು ಈ ಕಶ್ಮಲವನ್ನೆಲ್ಲ ತಾನೇ ಹಿಡಿದಿಟ್ಟುಕೊಳ್ಳುವುದು ಆ ಡಬ್ಬಿಯೊಳಗಣ ಮಡಿಸಿದ ಕಾಗದ.

ಕುಟ್ಟದಂತಹ ಊರಿನಲ್ಲಿ ಆ ಕಾಗದದ ಪಾಲಿಗೆ ಬರುವ ಹೊರೆ ಬಯಲುಸೀಮೆಯಲ್ಲಿರುವುದಕ್ಕಿಂತ ಹೆಚ್ಚಿನದು. ಅರ್ಧ ತುಂಬಿದ ಟ್ಯಾಂಕಿನ ಮೇಲರ್ಧದಲ್ಲಿರುವುದು ತೇವ ತುಂಬಿದ ಗಾಳಿ. ರಾತ್ರಿಯ ಚಳಿಗೆ ಆ ತೇವವು ತಗಡಿನ ಒಳಮೈಯಲ್ಲಿ ಹನಿಗಟ್ಟಿ, ಡೀಸೆಲಿಗಿಂತ ಭಾರವಾದದ್ದರಿಂದ ತಳಕ್ಕಿಳಿದು ಕೂಡುತ್ತದೆ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕು ತುಂಬಿಸಿಡಬೇಕೆಂದು ಹಳೆಯ ಚಾಲಕರು ಹೇಳುವ ಮಾತಿನಲ್ಲಿ ಇಷ್ಟು ಭೌತಶಾಸ್ತ್ರ ಅಡಗಿದೆ. ಇದಕ್ಕಿಂತ ದೊಡ್ಡ ಅಪರಾಧಿ ತೋಟದ ಶೆಡ್ಡಿನ ಹೊರಗೆ ನೆಟ್ಟಗೆ ನಿಲ್ಲಿಸಿದ ಇನ್ನೂರು ಲೀಟರಿನ ಪೀಪಾಯಿ. ರೊಬಸ್ಟಾ ಕಾಫಿಗೆ ಹೂಮಳೆ ತಪ್ಪಿದ ವರ್ಷ ಫೆಬ್ರವರಿ ಮಾರ್ಚಿನಲ್ಲಿ ಕೆರೆಯಿಂದ ನೀರೆತ್ತಿ ತುಂತುರು ಹಾಯಿಸುವ ಪಂಪುಸೆಟ್ಟುಗಳಿಗೆಂದು ಡೀಸೆಲನ್ನು ಹಾಗೆ ಕೂಡಿಡುವುದು ವಾಡಿಕೆ. ಉಳಿದದ್ದು ಮಳೆಗಾಲಕ್ಕೂ ಅಲ್ಲಿಯೇ ನಿಂತು, ಕೊನೆಗೆ ಜೀಪಿನ ಟ್ಯಾಂಕನ್ನು ಸೇರುವುದೂ ಉಂಟು. ನಿಂತ ಪೀಪಾಯಿಯ ನೆತ್ತಿಯ ಮೇಲೆ ಅಂಚಿನೊಳಗೆ ಮಳೆನೀರು ಮಡುಗಟ್ಟುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಹೋಗುತ್ತದೆ. ರಾತ್ರಿಯ ತಂಪಿಗೆ ಅದು ಕುಗ್ಗಿದಾಗ ಬಿರಡೆಯ ಸುತ್ತಲಿನ ಆ ನೀರನ್ನೇ ಒಳಕ್ಕೆ ಸೆಳೆದುಕೊಳ್ಳುತ್ತದೆ. ಭದ್ರವಾಗಿ ಮುಚ್ಚಿದ ಪೀಪಾಯಿಗೆ ನೀರು ಎಲ್ಲಿಂದ ಬಂತೆಂದು ಅಚ್ಚರಿಪಡುವವರಿಗೆ ಇದೇ ಉತ್ತರ. ಪೀಪಾಯಿಯನ್ನು ಮಲಗಿಸಿ, ಎರಡು ಬಿರಡೆಗಳೂ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಇರಿಸಿದರೆ, ಪೀಪಾಯಿ ಅರ್ಧಕ್ಕಿಂತ ಹೆಚ್ಚು ತುಂಬಿರುವವರೆಗೆ ಬಿರಡೆಗಳ ಹಿಂದೆ ಡೀಸೆಲ್ಲೇ ಇದ್ದು ಈ ಉಸಿರಾಟ ನಿಂತುಹೋಗುತ್ತದೆ. ಇನ್ನು ಡೀಸೆಲೂ ನೀರೂ ಒಂದನ್ನೊಂದು ಮುಟ್ಟುವ ಎಡೆಯಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಬೆಳೆದು ಕಪ್ಪು ಲೋಳೆಯನ್ನು ಕಟ್ಟುತ್ತವೆ. ಆ ಲೋಳೆಯೊಂದೇ ಹೊಸ ಫಿಲ್ಟರನ್ನು ಕೆಲವೇ ದಿನಗಳಲ್ಲಿ ಮುಚ್ಚಿಬಿಡಲು ಸಾಕು.

ಫಿಲ್ಟರು ಕಟ್ಟಿಕೊಂಡ ಗಾಡಿಯ ಲಕ್ಷಣ ಸ್ಪಷ್ಟವಾದದ್ದು. ಸಮತಟ್ಟಿನಲ್ಲಿ ಸುಮ್ಮನೆ ಓಡುತ್ತದೆ. ಏರು ಬಂದು ಕಾಲು ಒತ್ತಿದಾಗ, ಬೇಕಾದಷ್ಟು ಇಂಧನ ಕಾಗದವನ್ನು ದಾಟಿ ಬಾರದುದರಿಂದ ಬಲಗುಂದಿ ಎಳೆದಾಡುತ್ತದೆ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋದಂತೆ ತೋರುತ್ತದೆ. ಮಾಕುಟ್ಟದ ಘಟ್ಟವನ್ನು ಹೊರೆಯೊಡನೆ ಹತ್ತುವವರಿಗೆ ಇದು ಬಹುಬೇಗ ಅರಿವಿಗೆ ಬರುತ್ತದೆ. ಹೀಗಿದ್ದೂ ಪಂಪು ನೋಸಲನ್ನೇ ಬಿಚ್ಚಿ ರಿಪೇರಿಗೆ ಕಳುಹಿಸಿ, ಸಾವಿರಾರು ರೂಪಾಯಿ ತೆತ್ತು, ಕೊನೆಗೆ ಫಿಲ್ಟರಿನ ಬಳಿಗೆ ಬರುವ ಪದ್ಧತಿ ನಮ್ಮಲ್ಲಿದೆ. ಅಗ್ಗದ ಕಾರಣವನ್ನು ಮೊದಲು ಪರೀಕ್ಷಿಸಬೇಕೆಂಬ ವಿವೇಕ ಇಲ್ಲಿ ಅಷ್ಟಾಗಿ ಕಾಣದಿರುವುದು ನನಗೆ ನಿಜವಾಗಿ ವ್ಯಥೆಯ ವಿಷಯ, ಏಕೆಂದರೆ ಆ ಹಣ ಹೋಗುವುದು ಹೆಚ್ಚಾಗಿ ಸಣ್ಣ ಹಿಡುವಳಿಯವರ ಮತ್ತು ಬಾಡಿಗೆ ಪಿಕಪ್ ಓಡಿಸಿ ಬದುಕುವವರ ಕೈಯಿಂದ.

ಈಗ ಹಠದ ಮೂಲಕ್ಕೆ ಬರೋಣ. ಡಬ್ಬಿಯನ್ನು ಹಿಡಿದಿರುವ ತಲೆಭಾಗ ಸಾಮಾನ್ಯವಾಗಿ ಅಲ್ಯೂಮಿನಿಯಂ ಎರಕದ್ದು, ಅದರಲ್ಲಿ ಕೂರುವ ಡಬ್ಬಿಯ ಮರೆ, ಎಂದರೆ ತಿರುಪಿನ ಸುತ್ತು, ಉಕ್ಕಿನದು. ಈ ಎರಡು ಲೋಹಗಳ ಸಂಧಿಗೆ ತಿಂಗಳುಗಟ್ಟಲೆ ತೇವ ತಗುಲಿದಾಗ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಬಿಳಿಯ ಪುಡಿಯಂತಹ ಆಕ್ಸೈಡ್ ಬೆಳೆಯುತ್ತದೆ. ಅದು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮರೆಗಳ ನಡುವೆ ಬೆಣೆಯಾಗಿ ಕೂಡುತ್ತದೆ. ಡಬ್ಬಿಯ ಬಾಯಿಯ ರಬ್ಬರಿನ ಬಳೆಯನ್ನು ಒಣಗಿದ್ದಂತೆಯೇ ಹಾಕಿದ್ದರೆ ಅದು ಕಾವಿಗೂ ಒತ್ತಡಕ್ಕೂ ಲೋಹದ ಮೈಗೆ ಬೆಸೆದುಕೊಂಡಿರುತ್ತದೆ. ಇವೆರಡಕ್ಕೂ ಮಿಗಿಲಾದ ಮೂರನೆಯ ಕಾರಣ, ಹಿಂದಿನ ಸಲ ಅದನ್ನು ಕೂರಿಸಿದವನು ಸೋರೀತೆಂಬ ಭಯದಿಂದ ಪಾನ (ಸ್ಪ್ಯಾನರ್) ಹಾಕಿ ಬಿಗಿದಿರುವುದು. ಈ ಡಬ್ಬಿಗಳು ಕೈಯಿಂದಲೇ ಬಿಗಿಯತಕ್ಕವು. ಸೋರಿಕೆಯನ್ನು ತಡೆಯುವುದು ರಬ್ಬರಿನ ಮೃದುತ್ವವೇ ಹೊರತು ಬಿಗಿದವನ ತೋಳ್ಬಲವಲ್ಲ. ಅತಿಯಾಗಿ ಬಿಗಿದಾಗ ರಬ್ಬರು ಜಜ್ಜಿಹೋಗಿ ಸೋರುವ ಸಂಭವವೇ ಹೆಚ್ಚು. ಹಾಗೆ ನೋಡಿದರೆ ಇಂದು ನಮ್ಮ ಕೈಗೆ ಬಾರದಿರುವ ಫಿಲ್ಟರು ಮೊಂಡಾದದ್ದು ಇಂದಲ್ಲ. ವರ್ಷದ ಹಿಂದೆ ಅದನ್ನು ಕೂರಿಸಿದ ಗಳಿಗೆಯಲ್ಲಿಯೇ ಅದರ ಹಠ ನಿಶ್ಚಯವಾಗಿತ್ತು. ಇಂದು ನಾವು ಕೂರಿಸುವ ರೀತಿಯಿಂದ ಬರುವ ವರ್ಷ ಅದನ್ನು ಬಿಚ್ಚುವವನ ಕಷ್ಟವೋ ಸುಖವೋ ನಿಶ್ಚಯವಾಗುತ್ತದೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಕೆಲಸಕ್ಕೆ ಕೈಹಾಕುವ ಮೊದಲು ಹೊಸ ಫಿಲ್ಟರು ಮನೆಯಲ್ಲಿರಬೇಕು. ಬಿಚ್ಚುವ ಯತ್ನದಲ್ಲಿ ಹಳೆಯದು ಹರಿಯುವ ಸಂಭವ ಯಾವಾಗಲೂ ಉಂಟು. ಅಂಗಡಿ ಮೂವತ್ತು ಕಿಲೋಮೀಟರಿಗೂ ಮೀರಿದ ಗೋಣಿಕೊಪ್ಪಲಿನಲ್ಲಿರುವಾಗ, ಗಾಡಿ ಶೆಡ್ಡಿನಲ್ಲಿ ಬಾಯಿತೆರೆದುಕೊಂಡು ಕುಳಿತರೆ ಆ ದಿನವೆಲ್ಲ ವ್ಯರ್ಥ. ಹೊಸದರ ಮರೆಯೂ ಬಳೆಯ ಸುತ್ತಳತೆಯೂ ಹಳೆಯದಕ್ಕೆ ಸರಿಹೊಂದುತ್ತವೆಯೇ ಎಂದು ಕಣ್ಣಾರೆ ಹೋಲಿಸಿ ನೋಡಿಕೊಳ್ಳಬೇಕು. ಹಿಂದಿನ ಸಂಜೆಯೇ ಸಂಧಿಯ ಸುತ್ತಲಿನ ಕೆಸರನ್ನು ಬ್ರಷ್ಷಿನಿಂದ ತೆಗೆದು, ಡೀಸೆಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ಬಿಟ್ಟು ರಾತ್ರಿಯೆಲ್ಲ ಇಂಗಲು ಬಿಡುವುದು ಉತ್ತಮ. ಈ ಶುಚಿಕಾರ್ಯವನ್ನು ಅಲಕ್ಷಿಸಬಾರದು. ಡಬ್ಬಿ ಬಿಚ್ಚಿದ ಕ್ಷಣದಲ್ಲಿ ಸುತ್ತಲಿನ ಮಣ್ಣೆಲ್ಲ ಬೀಳುವುದು, ನಾವು ಕಾಪಾಡಬೇಕೆಂದಿರುವ ಆ ಸೂಕ್ಷ್ಮ ಮಾರ್ಗದೊಳಕ್ಕೇ.

ಮರುದಿನ ಎಂಜಿನ್ ತಣ್ಣಗಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ, ಸುತ್ತ ಬೀಡಿಯ ಬೆಂಕಿಯೂ ಸುಳಿಯದಂತೆ ನೋಡಿಕೊಂಡು, ಡಬ್ಬಿಯ ತಳದ ತಿರುಪನ್ನು ಸಡಿಲಿಸಿ ಒಳಗಿನದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿಕೊಳ್ಳಬೇಕು. ನೀರನ್ನು ಸೂಚಿಸುವ ಸೆನ್ಸರು ತಳದಲ್ಲಿದ್ದರೆ ಅದರ ತಂತಿಯನ್ನು ಮೊದಲೇ ಬಿಡಿಸತಕ್ಕದ್ದು. ಅವಸರದಲ್ಲಿ ತಿರುಗಿಸಿದಾಗ ತಂತಿ ಕಿತ್ತುಬರುವುದನ್ನು ಗ್ಯಾರೇಜುಗಳಲ್ಲಿ ಬಹಳ ಕಾಣುತ್ತೇವೆ. ಕೆಳಗಿನಿಂದ ನೋಡುವವನಿಗೆ ಡಬ್ಬಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕೆಂಬುದು ಎಲ್ಲರೂ ಬಲ್ಲ ಸಂಗತಿಯಾದರೂ, ಮೇಲಿನಿಂದ ಬಗ್ಗಿ ಕೈಯಿಳಿಸಿದವನು ದಿಕ್ಕು ತಪ್ಪಿ ಇನ್ನಷ್ಟು ಬಿಗಿದುಬಿಡುವುದು ಅಪರೂಪವಲ್ಲ. ಕೈಯ ಜಿಡ್ಡನ್ನು ಸಾಬೂನಿನಿಂದ ತೊಳೆದು, ಡಬ್ಬಿಯನ್ನೂ ಒರಸಿ, ಸೈಕಲ್ ಟ್ಯೂಬಿನ ತುಂಡನ್ನೋ ಮರಳುಕಾಗದವನ್ನೋ ಸುತ್ತಿ ಹಿಡಿದರೆ ಅರ್ಧ ಪಾಲು ಡಬ್ಬಿಗಳು ಅಷ್ಟಕ್ಕೇ ಮಣಿಯುತ್ತವೆ. ಮಣಿಯದಿದ್ದರೆ ಪಟ್ಟಿಪಾನ, ಅದೂ ಸಾಲದಿದ್ದರೆ ಚೈನುಪಾನ. ಇವನ್ನು ಡಬ್ಬಿಯ ಕೆಳತುದಿಗೆ ಹಾಕಿದರೆ ತೆಳುತಗಡು ಅಪ್ಪಚ್ಚಿಯಾಗಿ ಹಿಡಿತವೇ ತಪ್ಪುತ್ತದೆ. ತಲೆಭಾಗಕ್ಕೆ ಹತ್ತಿರದಲ್ಲಿ, ಒಳಗಿನ ದಪ್ಪ ತಟ್ಟೆಯ ಆಧಾರವಿರುವೆಡೆಯಲ್ಲಿ ಹಾಕಬೇಕು. ಅಲ್ಲಿಂದ ಮುಂದೆ ಬೇಕಾದದ್ದು ಏಕರೀತಿಯಾದ, ದೀರ್ಘವಾದ ಎಳೆತ. ಎಳೆಯುವ ಮೊದಲು ಬಿಗಿಯುವ ದಿಕ್ಕಿಗೆ ಕಂಡೂಕಾಣದಷ್ಟು ಒತ್ತಿ ನೋಡುವುದು ಒಳ್ಳೆಯದು. ಬೆಸೆದ ರಬ್ಬರೂ ಆಕ್ಸೈಡಿನ ಬೆಣೆಯೂ ಬಿರುಕುಬಿಡುವುದು ಅನೇಕ ವೇಳೆ ಆ ಚಲನೆಯಿಂದಲೇ. ಗ್ಯಾಸಿನ ಜ್ವಾಲೆಯನ್ನು ಹಿಡಿದು ಕಾಯಿಸುವ ದುರ್ಬುದ್ಧಿ ಮಾತ್ರ ಯಾರಿಗೂ ಬಾರದಿರಲಿ.

ಸ್ಕ್ರೂಡ್ರೈವರನ್ನು ಡಬ್ಬಿಯ ಮೂಲಕ ಹೊಡೆದು, ಅದನ್ನೇ ಹಿಡಿಯಾಗಿ ಮಾಡಿಕೊಂಡು ತಿರುಗಿಸುವ ಉಪಾಯ ನಮ್ಮ ರಸ್ತೆಬದಿಯ ಗ್ಯಾರೇಜುಗಳಲ್ಲಿ ಪ್ರಸಿದ್ಧ. ಇದನ್ನು ಕಡೆಯ ಉಪಾಯವೆಂದೇ ಎಣಿಸಬೇಕು. ತಗಡು ತೆಳ್ಳಗಿರುವುದರಿಂದ ಬಲವಾಗಿ ಬೆಸೆದ ಡಬ್ಬಿ ತಿರುಗುವ ಬದಲು ಸೀಳುತ್ತದೆ, ಲೋಹದ ಚೂರುಗಳು ಒಳಬೀಳುತ್ತವೆ, ತಟ್ಟೆ ಮಾತ್ರ ತಲೆಗೆ ಅಂಟಿಕೊಂಡು ಉಳಿಯುತ್ತದೆ. ಹಾಗಾದಲ್ಲಿಯೂ ಎದೆಗುಂದಬೇಕಾಗಿಲ್ಲ. ಹರಿದ ತಗಡನ್ನು ಕತ್ತರಿಸಿ ತೆಗೆದು, ಉಳಿದ ತಟ್ಟೆಯ ಅಂಚಿಗೆ ಸಣ್ಣ ಉಳಿಯನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಲೂ ಸ್ಥಳ ಬದಲಾಯಿಸುತ್ತ ಹಗುರವಾಗಿ ತಟ್ಟುತ್ತ ಹೋದರೆ ಅದು ಸ್ವಲ್ಪಸ್ವಲ್ಪವಾಗಿ ಸರಿಯುತ್ತದೆ. ಉಳಿಯ ಮೂತಿಗೆ ಗ್ರೀಸು ಸವರಿಕೊಂಡರೆ ಚೂರುಗಳು ಅದಕ್ಕೇ ಅಂಟುತ್ತವೆ. ಇಲ್ಲಿ ಬೇಕಾದದ್ದು ತಾಳ್ಮೆ. ಉಳಿಯ ಒಂದು ಏಟು ತಪ್ಪಿ ಅಲ್ಯೂಮಿನಿಯಂ ಮುಖಕ್ಕೆ ಗೀರು ಬಿತ್ತೆಂದರೆ ಹೊಸ ಬಳೆಯೂ ಅಲ್ಲಿ ಸರಿಯಾಗಿ ಕೂರಲಾರದು.

ಹಳೆಯ ಲಾರಿ, ಟ್ರ್ಯಾಕ್ಟರು, ಪಂಪುಸೆಟ್ಟುಗಳಲ್ಲಿ ಬೇರೊಂದು ಕ್ರಮವಿದೆ: ಒರಟು ಕಸಕ್ಕೆ ಬಟ್ಟೆಯ ಫಿಲ್ಟರೊಂದು, ಸೂಕ್ಷ್ಮಕ್ಕೆ ಕಾಗದದ್ದೊಂದು, ಹೀಗೆ ಎರಡು ಬಟ್ಟಲುಗಳು ಸಾಲಾಗಿ ನಿಂತು, ಮಧ್ಯದ ಉದ್ದ ಬೋಲ್ಟಿನಿಂದ ತಲೆಗೆ ಬಿಗಿದಿರುತ್ತವೆ. ಇಲ್ಲಿ ಮೊಂಡುತನ ಮಾಡುವುದು ಬೋಲ್ಟು. ತೆರೆದ ಬಾಯಿಯ ಪಾನವನ್ನು ಹಾಕಿ ಅದರ ಮೂಲೆಗಳನ್ನು ಸವೆಸುವುದಕ್ಕಿಂತ ಆರು ಮುಖದ ರಿಂಗ್ ಪಾನವನ್ನೇ ಬಳಸಬೇಕು. ತಲೆಯ ಎರಕ ಒಡೆಯದಂತೆ ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಡಬೇಕು. ತಲೆಯ ಕೊರಕಲಿನಲ್ಲಿ ಕುಳಿತ ಹಳೆಯ ರಬ್ಬರಿನ ಉಂಗುರವನ್ನು ಉಕ್ಕಿನ ಮೊನೆಯಿಂದ ಕೀಳದೆ ಬಿದಿರಿನ ಸೀಳಿನಿಂದ ಎಬ್ಬಿಸಿದರೆ ಗೀರು ಬೀಳುವುದಿಲ್ಲ.

ಹೊಸದನ್ನು ಕೂರಿಸುವಾಗ ಮೊಟ್ಟಮೊದಲು ನೋಡತಕ್ಕದ್ದು ಹಳೆಯ ಬಳೆ ಹಳೆಯ ಡಬ್ಬಿಯೊಡನೆ ಬಂದಿದೆಯೇ ಎಂಬುದನ್ನು. ಅದು ತಲೆಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಬಳೆ ಕುಳಿತರೆ ಡೀಸೆಲ್ ಸೋರುವುದೂ ಗಾಳಿ ಸೇರುವುದೂ ಖಂಡಿತ. ತಲೆಯ ಮುಖವನ್ನು ನೂಲು ಬಿಡದ ಬಟ್ಟೆಯಿಂದ ಒರಸಿ, ಹೊಸ ಬಳೆಗೆ ಶುದ್ಧವಾದ ಡೀಸೆಲನ್ನು ಬೆರಳಿನಿಂದ ಸವರಿ, ಮರೆ ಅಡ್ಡ ಹತ್ತದಂತೆ ನಿಧಾನವಾಗಿ ತಿರುಗಿಸಿ, ರಬ್ಬರು ಲೋಹವನ್ನು ಮುಟ್ಟಿದ ಮೇಲೆ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಸುತ್ತು ಕೈಯಿಂದ ಬಿಗಿದರೆ ಕೆಲಸ ಮುಗಿಯಿತು. ಡಬ್ಬಿಯ ಮೇಲೆ ಬೇರೆ ಲೆಕ್ಕ ಮುದ್ರಿತವಾಗಿದ್ದರೆ ಅದೇ ಪ್ರಮಾಣ. ಪಾನವನ್ನು ಪೆಟ್ಟಿಗೆಯಲ್ಲಿಯೇ ಬಿಡಿ. ನಾಳದ ಕೊನೆಯಲ್ಲಿರುವ ಬ್ಯಾಂಜೋ ಬೋಲ್ಟನ್ನು ಬಿಚ್ಚಿದ್ದರೆ ಅದರ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕತಕ್ಕದ್ದು, ಏಕೆಂದರೆ ಒಮ್ಮೆ ಒತ್ತಿದ ತಾಮ್ರ ಗಡುಸಾಗಿ ಮತ್ತೆ ಮೈಗೊಡದು.

ಇನ್ನು ಉಳಿದದ್ದು ಏರ್ ತೆಗೆಯುವ ಕೆಲಸ. ಡೀಸೆಲನ್ನು ಒತ್ತಿದರೆ ಅದು ಬಹುಮಟ್ಟಿಗೆ ಕುಗ್ಗದು. ಆದ್ದರಿಂದಲೇ ದಂಡದ ಒತ್ತು ನೋಸಲಿನ ಮುಚ್ಚಳವನ್ನು ಎತ್ತಬಲ್ಲದು. ಗಾಳಿಯಾದರೋ ಕುಗ್ಗುತ್ತದೆ. ನಾಳದಲ್ಲಿ ಗಾಳಿ ಉಳಿದಿದ್ದರೆ ದಂಡವು ಅದನ್ನು ಒತ್ತಿ ಬಿಡುತ್ತ ವೃಥಾ ಶ್ರಮಿಸುತ್ತದೆ. ನೋಸಲು ತೆರೆಯುವುದಿಲ್ಲ, ಎಂಜಿನ್ ಹೊತ್ತುವುದಿಲ್ಲ. ಹಳೆಯ ಜೀಪಿನಲ್ಲಿ ಫಿಲ್ಟರಿನ ತಲೆಯ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಅಖಂಡವಾದ ಧಾರೆ ಬರುತ್ತದೆ. ಧಾರೆ ಬರುತ್ತಿರುವಾಗಲೇ ತಿರುಪನ್ನು ಮುಚ್ಚಬೇಕು. ಮುಂದೆ ಪಂಪಿನ ತಿರುಪಿನಲ್ಲಿಯೂ ಇದೇ ಕ್ರಮ. ಬಳಿಕ ಸ್ಟಾರ್ಟರನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿಯದೆ, ನಡುನಡುವೆ ಬಿಡುವು ಕೊಟ್ಟು ತಿರುಗಿಸಬೇಕು. ಕಾಮನ್ ರೈಲ್ ಗಾಡಿಗಳವರು ಇದನ್ನು ಅನುಕರಿಸಕೂಡದು. ಅಲ್ಲಿ ಕೀಲಿಯನ್ನು ಹಲವು ಸಲ ತಿರುಗಿಸಿ ಟ್ಯಾಂಕಿನ ವಿದ್ಯುತ್ ಪಂಪಿಗೆ ಕೆಲಸ ಕೊಡುವುದೋ ರಬ್ಬರಿನ ಬುರುಡೆಯನ್ನು ಒತ್ತುವುದೋ ಕ್ರಮ. ನೋಸಲಿನ ಕಡೆಯ ನಾಳಗಳನ್ನು ಎಂಜಿನ್ ಓಡುವಾಗ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಹೋಗಬಲ್ಲದು. ಹೊರಗೆ ಚುಚ್ಚಿದ ಗುರುತಷ್ಟೇ ಕಂಡರೂ ಅದು ಕೂಡಲೇ ಶಸ್ತ್ರವೈದ್ಯರ ಬಳಿಗೆ ಹೋಗಬೇಕಾದ ಗಾಯ. ಹೊಸ ಡಬ್ಬಿಯೊಳಕ್ಕೆ ಮೊದಲೇ ಡೀಸೆಲ್ ಸುರಿದು ಕೂರಿಸುವ ರೂಢಿಯನ್ನೂ ಈ ಗಾಡಿಗಳಲ್ಲಿ ಬಿಡಬೇಕು. ಮಧ್ಯದ ರಂಧ್ರಕ್ಕೆ ಸುರಿದದ್ದು ಸೋಸದೆಯೇ ಪಂಪನ್ನು ಸೇರುತ್ತದೆ.

ಎಂಜಿನ್ ಅರ್ಧ ಗಂಟೆ ಓಡಿದ ಮೇಲೆ ಒಣಬಟ್ಟೆಯಿಂದ ಸಂಧಿಯನ್ನು ಒರಸಿ, ತೇವ ತಗುಲುತ್ತದೆಯೇ ಎಂದು ನೋಡಬೇಕು. ಡಬ್ಬಿಯ ಮೈಮೇಲೆ ತಾರೀಖನ್ನೂ ಕಿಲೋಮೀಟರನ್ನೂ ಬಣ್ಣದಿಂದ ಬರೆದಿಡುವುದು ಮೇಲು. ತಯಾರಕರ ಪುಸ್ತಕ ಹೇಳುವ ಅಂತರ ಯಾವುದೇ ಇರಲಿ, ಕುಟ್ಟದ ಕಡೆಯವರು ಈ ಕೆಲಸವನ್ನು ಮೇ ತಿಂಗಳಿನಲ್ಲಿ, ಮರೆಗಳು ಒಣಗಿರುವಾಗ ಮಾಡಿಕೊಳ್ಳುವುದು ಯುಕ್ತವೆಂದು ನನ್ನ ದೃಢವಾದ ಅಭಿಪ್ರಾಯ. ಆಗಸ್ಟಿನಲ್ಲಿ, ಬಿಡದ ಮಳೆಯ ನಡುವೆ ಟಾರ್ಪಾಲಿನಡಿಯಲ್ಲಿ ಬಗ್ಗಿ ನಿಂತು ಮಾಡುವ ಕೆಲಸದಲ್ಲಿ ಶುಚಿತ್ವವನ್ನು ಯಾರೂ ಕಾಯಲಾರರು. ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ತಳದ ತಿರುಪನ್ನು ಸಡಿಲಿಸಿ ನೀರು ಇಳಿಸಿದರೆ ಫಿಲ್ಟರಿನ ಆಯುಷ್ಯವೂ ಬೆಳೆಯುತ್ತದೆ, ತಿರುಪು ತುಕ್ಕು ಹಿಡಿದು ಕೂಡುವುದೂ ತಪ್ಪುತ್ತದೆ.

ಹಳೆಯ ಡಬ್ಬಿಯನ್ನು ಅದರೊಳಗಿನ ದ್ರವದೊಡನೆ ತೋಟದ ತೋಡಿಗೆ ಎಸೆಯಬಾರದು. ಈ ಭಾಗದ ತೋಡುಗಳು ಇರ್ಪುವಿನ ಬಳಿಯ ಲಕ್ಷ್ಮಣತೀರ್ಥಕ್ಕೆ ಹರಿದರೂ, ವಯನಾಡಿನ ಮೂಲಕ ಕಬಿನಿಗೆ ಹರಿದರೂ, ಕೊನೆಗೆ ಸೇರುವುದು ಕಾವೇರಿಯನ್ನೇ. ಸುಟ್ಟ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಅದನ್ನು ಒಪ್ಪಿಸಬಹುದು. ಆದರೆ ಅದಕ್ಕೂ ಮುನ್ನ, ಮೊದಲು ಗಾಜಿನ ಬಾಟಲಿಗೆ ಇಳಿಸಿಕೊಂಡದ್ದನ್ನು ಒಂದು ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿರಿ. ತಳದಲ್ಲಿ ಬೇರೆ ಪದರವಾಗಿ ನಿಂತದ್ದು ನೀರು. ಕೆಂಪಗೆ ಕೂತದ್ದು ಟ್ಯಾಂಕಿನ ತುಕ್ಕು. ನಡುವೆ ಕಪ್ಪಗೆ ತೇಲುವ ಎಳೆಗಳು ಆ ಲೋಳೆ. ಬರಿಯ ಸ್ವಲ್ಪ ನೀರಾದರೆ ಪೀಪಾಯಿಯನ್ನು ಮಲಗಿಸಿ, ಡೀಸೆಲ್ ತುಂಬಿಸುವ ಬಂಕನ್ನು ಬದಲಾಯಿಸಿ ನೋಡಬಹುದು. ತುಕ್ಕೂ ಲೋಳೆಯೂ ಕಂಡಲ್ಲಿ ಟ್ಯಾಂಕನ್ನು ಇಳಿಸಿ, ಒಳಗೆಲ್ಲ ತೊಳೆಸಿ, ಒಣಗಿಸಿ ಮತ್ತೆ ಕೂರಿಸುವ ತನಕ ಹೊಸ ಫಿಲ್ಟರುಗಳಿಗೆ ಎಷ್ಟು ಹಣ ಕೊಟ್ಟರೂ ಅದು ವ್ಯರ್ಥವೇ.